ದಿವೆ ಘಾಟಿನ ತಾತ್ಕಾಲಿಕ ರಿಪೀಟರ್: ದೂರದವರಿಗೆ ಕೇಳಿಸುತ್ತದೆ, ದೂರದವರನ್ನು ಹಿಡಿಯುವುದಿಲ್ಲ

ಕೋಥರೂಡಿನ ಕೇಳುಗ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಈ ಆಷಾಢದ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ಒಂದು ಸಣ್ಣ ರಿಪೀಟರನ್ನು (ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಉಪಕರಣವನ್ನು) ಸಿದ್ಧಪಡಿಸುತ್ತಿದ್ದೇವೆ. ಜ್ಞಾನೇಶ್ವರ ಮಹಾರಾಜರ ಪಾಲಖಿಯು ಪುಣೆಯಿಂದ ಹೊರಟು ದಿವೆ ಘಾಟ್ ಹತ್ತಿ ಸಾಸವಡ ತಲುಪುವ ದಿನ ಆ ರಸ್ತೆಯಲ್ಲಿ ಜನಸಾಗರವೇ ಇರುತ್ತದೆ. ಮೊಬೈಲ್‌ನಲ್ಲಿ ಗೆರೆಗಳು ತುಂಬಿ ಕಂಡರೂ ಕರೆ ಮಾತ್ರ ಹೋಗುವುದಿಲ್ಲ. ಘಾಟಿನ ಕೆಳಗೆ ವಡಕಿಯ ಬಳಿ ನಿಲ್ಲುವ ವೈದ್ಯಕೀಯ ವಾಹನಕ್ಕೂ ಮೇಲೆ ಸಾಸವಡದ ಕಡೆ ನಿಲ್ಲುವ ತಂಡಕ್ಕೂ ನಡುವೆ ಗುಡ್ಡದ ಏಣು ಅಡ್ಡ ಬರುವುದರಿಂದ, ಕೈಯಲ್ಲಿ ಹಿಡಿಯುವ ಒಂದು ರೇಡಿಯೋದಿಂದ ಇನ್ನೊಂದಕ್ಕೆ, ಅಂದರೆ ಹ್ಯಾಂಡಿಯಿಂದ ಹ್ಯಾಂಡಿಗೆ ನೇರವಾಗಿ ಮಾತನಾಡುವುದು ಆಗದ ಮಾತು. ಆದ್ದರಿಂದ ಘಾಟಿನ ನೆತ್ತಿಯ ಮೇಲೆ ಒಂದು ದಿನದ ಮಟ್ಟಿಗೆ ರಿಪೀಟರ್ ಇಡುವುದೆಂದು ನಿಶ್ಚಯಿಸಿದೆವು. ಮೈಕು ಹಿಡಿಯುವ ಎಲ್ಲರಿಗೂ ಪರವಾನಗಿ ಇದೆ. ರಿಪೀಟರಿಗೂ ಕ್ಲಬ್ಬಿನ ಹೆಸರಿನಲ್ಲಿ ಅನುಮತಿ ಇದೆ. ಆ ವಿಷಯದಲ್ಲಿ ತೊಡಕಿಲ್ಲ.

ಸಲಕರಣೆ ಇಷ್ಟು: ವಿಎಚ್‌ಎಫ್‌ನ (ಇಲ್ಲಿ 145 ಮೆಗಾಹರ್ಟ್ಸ್ ಆಸುಪಾಸಿನ) ಎರಡು ಮೊಬೈಲ್ ಸೆಟ್‌ಗಳಿವೆ (ಫೋನಲ್ಲ, ವಾಹನದಲ್ಲಿ ಕೂರಿಸುವ ರೇಡಿಯೋ), ಒಂದು ಕೇಳಿಸಿಕೊಳ್ಳುತ್ತದೆ, ಇನ್ನೊಂದು ಮರುಪ್ರಸಾರ ಮಾಡುತ್ತದೆ. ನಡುವೆ ಒಂದು ಕಂಟ್ರೋಲರ್ ಬೋರ್ಡ್ ಇದೆ. ಅಂಗೈ ಅಗಲದ, ಆರು ಕೋಶಗಳ (ಫಿಲ್ಟರ್ ಡಬ್ಬಿಗಳ) ಒಂದು ಡ್ಯುಪ್ಲೆಕ್ಸರನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ಅದರ ಮೂಲಕ ಎರಡೂ ಸೆಟ್‌ಗಳು, ಒಂದರ ಪ್ರಸಾರ ಇನ್ನೊಂದಕ್ಕೆ ನುಗ್ಗದಂತೆ, ಒಂದೇ ಫೈಬರ್‌ಗ್ಲಾಸ್ ಆ್ಯಂಟೆನಾಕ್ಕೆ ಸೇರುತ್ತವೆ. ಆ್ಯಂಟೆನಾ 6 ಮೀಟರ್ ಕಂಬದ ಮೇಲಿದೆ. ಒಳಗಿನ ತುಂಡು ಕೇಬಲ್‌ಗಳೆಲ್ಲ ಆರ್‌ಜಿ 58. ರಿಪೀಟರ್ 145.200 ಮೆಗಾಹರ್ಟ್ಸ್‌ನಲ್ಲಿ ಹೊರಡುತ್ತದೆ, 144.600ರಲ್ಲಿ ಕೇಳುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ವಾಡಿಕೆಯ 600 ಕಿಲೋಹರ್ಟ್ಸ್ ಅಂತರ. ಶಕ್ತಿ 25 ವಾಟ್.

ಘಾಟಿನ ಮೇಲೆ ಪರೀಕ್ಷೆಗೆ ಇಟ್ಟಾಗ ಕಂಡದ್ದು ಇದು. ಹಡಪಸರದಲ್ಲಿಯೂ ಸಾಸವಡದಲ್ಲಿಯೂ ರಿಪೀಟರಿನ ಧ್ವನಿ ಸ್ಫಟಿಕದಂತೆ ಕೇಳಿಸುತ್ತದೆ. ಆದರೆ ಅಲ್ಲಿಂದ 5 ವಾಟ್‌ನ ಹ್ಯಾಂಡಿ ಒತ್ತಿದರೆ ಒಂದೋ ರಿಪೀಟರ್ ಏಳುವುದೇ ಇಲ್ಲ, ಇಲ್ಲವೇ ಎದ್ದು, ಬಿದ್ದು, ಮತ್ತೆ ಎದ್ದು ಕಟಕಟ ಎನ್ನುತ್ತದೆ. ಮಾತು ತುಂಡುತುಂಡಾಗಿ ಬರುತ್ತದೆ. ಕಂಬದ ಹತ್ತಿರ ನಿಂತು ಮಾತನಾಡಿದರೆ ಯಾವ ದೋಷವೂ ಇಲ್ಲ. ಆ್ಯಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆ ಎಂದು ತಿಳಿಸುವ ಎಸ್‌ಡಬ್ಲ್ಯುಆರ್ 1.3ರ ಆಸುಪಾಸಿನಲ್ಲಿದೆ, ಅಂದರೆ ಚೆನ್ನಾಗಿಯೇ ಇದೆ. ಕೇಳುವ ಸೆಟ್ಟು ಮಂದವಾಗಿದೆಯೇ, ಕಂಟ್ರೋಲರಿನಲ್ಲಿ ದೋಷವಿದೆಯೇ, ಅಥವಾ ಕಂಬವನ್ನು ಇನ್ನೂ ಎತ್ತರಿಸಬೇಕೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೆಯ ಕೋಆಕ್ಸ್, ಧಾರವಾಡ

ಕೇಳುಗರೇ, ಕಂಬವನ್ನು ಎತ್ತರಿಸುವ ಮೊದಲು ನಿಮ್ಮ ಪತ್ರದ ಎರಡು ಮಾತುಗಳನ್ನು ನೀವೇ ಪಕ್ಕಪಕ್ಕದಲ್ಲಿಟ್ಟು ಓದಿ: "ಅಂಗೈ ಅಗಲದ ಡ್ಯುಪ್ಲೆಕ್ಸರ್" ಮತ್ತು "600 ಕಿಲೋಹರ್ಟ್ಸ್ ಅಂತರ". ರೋಗ ಅಲ್ಲಿಯೇ ಇದೆ ಎಂದು ನನ್ನ ಅನುಮಾನ. ಏಳುವುದು, ಬೀಳುವುದು, ಮತ್ತೆ ಏಳುವುದು, ಇದು ಡೀಸೆನ್ಸ್ ಎಂಬ ತೊಂದರೆಯ ಖಚಿತವಾದ ಲಕ್ಷಣ. ಸಾಸವಡದ ಕ್ಷೀಣ ಸಂಕೇತ ಸ್ಕ್ವೆಲ್ಚನ್ನು (ಸಂಕೇತ ಬರುವವರೆಗೆ ರಿಸೀವರಿನ ಸದ್ದು ತಡೆಯುವ ಬಾಗಿಲನ್ನು) ತೆರೆಯುತ್ತದೆ, ಟ್ರಾನ್ಸ್‌ಮಿಟರ್ ಚಾಲೂ ಆಗುತ್ತದೆ, ಆ ಕೂಡಲೇ ಅದರ ಅಬ್ಬರಕ್ಕೆ ಪಕ್ಕದ ರಿಸೀವರ್ ಕಿವುಡಾಗುತ್ತದೆ, ಸಂಕೇತ ಕಳೆದುಹೋಗಿ ಟ್ರಾನ್ಸ್‌ಮಿಟರ್ ನಿಲ್ಲುತ್ತದೆ, ಅದು ನಿಂತ ಕೂಡಲೇ ರಿಸೀವರಿಗೆ ಮತ್ತೆ ಕೇಳಿಸುತ್ತದೆ. ಡೊಳ್ಳು ಬಾರಿಸುತ್ತಿರುವವನು ಅದೇ ಹೊತ್ತಿಗೆ ಪಿಸುಮಾತನ್ನೂ ಆಲಿಸಬೇಕು ಎಂದರೆ ಹೇಗೋ ರಿಪೀಟರಿನ ಪಾಡೂ ಹಾಗೆಯೇ.

ಲೆಕ್ಕ ನೋಡಿ. 25 ವಾಟ್ ಎಂದರೆ +44 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್). ಒಳ್ಳೆಯ ರಿಸೀವರ್ ಕೇಳಬಲ್ಲ 0.2 ಮೈಕ್ರೋವೋಲ್ಟ್ ಎಂದರೆ ಸುಮಾರು −121 ಡಿಬಿಎಂ. ಎರಡರ ನಡುವೆ 165 ಡೆಸಿಬೆಲ್ ವ್ಯತ್ಯಾಸ. ಇಷ್ಟನ್ನೂ ಫಿಲ್ಟರ್ ತಡೆಯಬೇಕಿಲ್ಲ, ಏಕೆಂದರೆ ರಿಸೀವರಿಗೂ ಸ್ವಂತ ಆಯ್ಕೆಶಕ್ತಿ ಇರುತ್ತದೆ. ಆದರೂ 2 ಮೀಟರ್ ಪಟ್ಟಿಯಲ್ಲಿ (145ರ ಸುತ್ತಲಿನ ಹ್ಯಾಮ್ ಪಟ್ಟಿಯಲ್ಲಿ) 600 ಕಿಲೋಹರ್ಟ್ಸ್ ಅಂತರಕ್ಕೆ 80 ಡೆಸಿಬೆಲ್‌ಗಿಂತ ಹೆಚ್ಚಿನ ಪ್ರತ್ಯೇಕತೆ ಇದ್ದರೆ ಮಾತ್ರ ನೆಮ್ಮದಿ. ಇಲ್ಲಿ ತೊಂದರೆ ಒಂದಲ್ಲ, ಎರಡು. ಒಂದನೆಯದು, ಟ್ರಾನ್ಸ್‌ಮಿಟರಿನ ಮುಖ್ಯ ವಾಹಕವೇ ರಿಸೀವರಿನ ಮುಂಬಾಗಿಲಿಗೆ ಬಂದು ಅದನ್ನು ಉಸಿರುಗಟ್ಟಿಸುವುದು. ಇದನ್ನು ರಿಸೀವರಿನ ಕಡೆಯ ಕೋಶಗಳು ತಡೆಯಬೇಕು. ಎರಡನೆಯದು, ಟ್ರಾನ್ಸ್‌ಮಿಟರ್ ತನ್ನ ತರಂಗಾಂತರದ ಆಚೀಚೆ ಹರಡುವ ಅಗಲವಾದ ಗದ್ದಲ. ಅದರ ಒಂದು ಪಾಲು ಸರಿಯಾಗಿ 144.600ರಲ್ಲಿಯೇ ಬಿದ್ದಿರುತ್ತದೆ. ಒಮ್ಮೆ ಅಲ್ಲಿ ಬಿದ್ದ ಮೇಲೆ ಅದನ್ನು ರಿಸೀವರಿನ ಯಾವ ಫಿಲ್ಟರೂ ಬೇರ್ಪಡಿಸಲಾರದು. ಟ್ರಾನ್ಸ್‌ಮಿಟರಿನ ಕಡೆಯ ಕೋಶಗಳೇ ಹೊರಡುವ ಮುನ್ನ ತಡೆಯಬೇಕು. "ಇನ್ನೂ ದುಬಾರಿ ರಿಸೀವರ್ ಹಾಕೋಣ" ಎಂಬ ಸಲಹೆ ಯಾರಾದರೂ ಕೊಟ್ಟರೆ ಅದು ಅರ್ಧ ರೋಗಕ್ಕಷ್ಟೇ ಮದ್ದು.

ನಿಮ್ಮ ಬಳಿ ಇರುವಂಥ ಚಿಕ್ಕ ನಾಚ್ ಡ್ಯುಪ್ಲೆಕ್ಸರ್‌ಗಳು (ಬೇಡದ ತರಂಗಾಂತರವನ್ನು ಒಂದು ತಗ್ಗಿನಲ್ಲಿ ತಡೆಯುವವು) ಸುಮಾರು 5 ಮೆಗಾಹರ್ಟ್ಸ್ ಅಂತರದ ವಾಣಿಜ್ಯ ಸೆಟ್‌ಗಳಿಗೆಂದು ಮಾಡಿದವು. 600 ಕಿಲೋಹರ್ಟ್ಸ್‌ಗೆ ಎಳೆದು ತಂದರೆ ಎರಡು ತಗ್ಗುಗಳು ಒಂದರ ಮೇಲೊಂದು ಬೀಳುತ್ತವೆ. ಗದ್ದಲವನ್ನು ತಡೆಯಬೇಕಾದ ಕೋಶ ನಿಮಗೆ ಬೇಕಾದ ಸಂಕೇತವನ್ನೂ ನುಂಗುತ್ತದೆ. ಇಷ್ಟು ಕಡಿಮೆ ಅಂತರಕ್ಕೆ ದೊಡ್ಡ ಡಬ್ಬಿಗಳೇ ಬೇಕು. 145 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗವೆಂದರೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಅಷ್ಟೆತ್ತರದ ನಾಲ್ಕು ಅಥವಾ ಆರು ಲೋಹದ ಡಬ್ಬಿಗಳನ್ನು ಘಾಟಿನ ಮೇಲೆ ಹೊತ್ತೊಯ್ದು ಕುಲುಕದಂತೆ ಇಡುವ ವ್ಯವಸ್ಥೆ ನಿಮ್ಮಲ್ಲಿದೆಯೇ?

ಆದರೂ ನನ್ನ ಮಾತನ್ನು ನಂಬಿ ಕೂರಬೇಡಿ, ಪರೀಕ್ಷಿಸಿ. ಕಂಟ್ರೋಲರನ್ನು ಬಿಚ್ಚಿಡಿ. ಕೇಳುವ ಸೆಟ್ಟಿನಲ್ಲಿ ಟೋನ್ ಸ್ಕ್ವೆಲ್ಚ್ (ಗೊತ್ತುಮಾಡಿದ ಟೋನ್ ಜೊತೆಗೆ ಬಂದರಷ್ಟೇ ತೆರೆಯುವ ಬಾಗಿಲು) ತೆಗೆದು, ಸ್ಪೀಕರಿನಲ್ಲಿ ಅದರ ಸ್ವರ ಕೇಳಿಸುವಂತೆ ಮಾಡಿ. ದೂರದಿಂದ ಗೆಳೆಯರೊಬ್ಬರು ಹ್ಯಾಂಡಿಯನ್ನು ಒತ್ತಿ ಹಿಡಿದು, ಸಂಕೇತವು ಮಾತು ಅರ್ಥವಾಗುವಷ್ಟು ಆದರೆ ಹಿನ್ನೆಲೆಯ ಸುಯ್ಯೆನ್ನುವ ಸದ್ದೂ ಕೇಳುವಷ್ಟು ಕ್ಷೀಣವಾಗಿ ಬರುವಂತೆ ನೋಡಿಕೊಳ್ಳಲಿ. ಈಗ ಟ್ರಾನ್ಸ್‌ಮಿಟರಿನ ಪಿಟಿಟಿಯನ್ನು (ಮಾತನಾಡಲು ಒತ್ತುವ ಗುಂಡಿಯನ್ನು) ಕೈಯಿಂದ ಒತ್ತಿ. ಸುಯ್ಯೆನ್ನುವ ಸದ್ದು ಏರಿ ಮಾತು ಮುಳುಗಿದರೆ ಅದೇ ಡೀಸೆನ್ಸ್. ಬಳಿಕ ಡ್ಯುಪ್ಲೆಕ್ಸರಿನ ಆ್ಯಂಟೆನಾ ಬಾಯಿಗೆ ಆ್ಯಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ 50 ಓಮ್ ಡಮ್ಮಿ ಲೋಡ್ ಹಾಕಿ, ಕ್ಷೀಣ ಸಂಕೇತವನ್ನು ಬೇರೆ ದಾರಿಯಿಂದ ಒಳಗೆ ಬಿಟ್ಟು, ಇದನ್ನೇ ಮತ್ತೆ ಮಾಡಿ. ಡಮ್ಮಿ ಲೋಡಿನಲ್ಲಿ ತೊಂದರೆ ಮಾಯವಾದರೆ ದೋಷ ಆ್ಯಂಟೆನಾ, ಮೇಲಿನ ಕೇಬಲ್ ಅಥವಾ ಕಂಬದ ತುಕ್ಕು ಹಿಡಿದ ಬೋಲ್ಟ್‌ಗಳಲ್ಲಿ ಇರುತ್ತದೆ. ಹಾಗೆಯೇ ಉಳಿದರೆ ಡ್ಯುಪ್ಲೆಕ್ಸರ್ ಇಲ್ಲವೇ ಪೆಟ್ಟಿಗೆಯೊಳಗಿನ ತುಂಡು ಕೇಬಲ್‌ಗಳೇ ಕಾರಣ. ಒಂಟಿ ಜಾಲರಿಯ ಆರ್‌ಜಿ 58 ಸೋರುತ್ತದೆ; ಡ್ಯುಪ್ಲೆಕ್ಸರ್ ಎಷ್ಟೇ ಒಳ್ಳೆಯದಿರಲಿ, ಪಕ್ಕಪಕ್ಕದಲ್ಲಿ ಸುತ್ತಿಕೊಂಡಿರುವ ಎರಡು ಸೋರುವ ಕೇಬಲ್‌ಗಳು ಅದನ್ನು ಬದಿಗೊತ್ತಿ ತಾವೇ ದಾರಿ ಮಾಡಿಕೊಡುತ್ತವೆ. ಆ ಜಾಗಕ್ಕೆ ಎರಡು ಜಾಲರಿಯ ಆರ್‌ಜಿ 223, ಆರ್‌ಜಿ 142 ಅಥವಾ ಆರ್‌ಜಿ 400 ಹಾಕಿ. ಮೇಲಿನ ಉದ್ದ ಕೇಬಲ್‌ಗೆ ಅನೇಕರು ಎಲ್‌ಎಂಆರ್ 400 ತರುತ್ತಾರೆ. ಒಂದೇ ದಿಕ್ಕಿನ ಕೆಲಸಕ್ಕೆ ಅದು ಉತ್ತಮವೇ. ಆದರೆ ಒಂದೇ ಕೇಬಲ್‌ನಲ್ಲಿ ಕಳುಹಿಸುವುದೂ ಕೇಳುವುದೂ ಒಟ್ಟಿಗೆ ನಡೆಯುವಲ್ಲಿ, ಅದರೊಳಗಿನ ಅಲ್ಯೂಮಿನಿಯಂ ಹಾಳೆ ಮತ್ತು ತವರ ಲೇಪಿತ ತಾಮ್ರದ ಜಾಲರಿ ಒಂದಕ್ಕೊಂದು ತಿಕ್ಕಿ ಚಿಟಪಟ ಗದ್ದಲ ಹುಟ್ಟಿಸುವುದುಂಟು. ಕಂಬ ಗಾಳಿಗೆ ಆಡಿದಷ್ಟೂ ಅದು ಹೆಚ್ಚು.

ಇಷ್ಟೆಲ್ಲಕ್ಕೂ ಮೊದಲು ಒಂದು ಸುಲಭದ ಕೆಲಸ ಮಾಡಿ: ಶಕ್ತಿಯನ್ನು 25ರಿಂದ 5 ವಾಟ್‌ಗೆ ಇಳಿಸಿ. ಅದರಿಂದ 7 ಡೆಸಿಬೆಲ್ ಉಪಶಮನ ಸಿಗುತ್ತದೆ. ಹೇಗೂ ಎದುರಿನವರ ಹ್ಯಾಂಡಿ 5 ವಾಟ್‌ನದು. ಅವರ ಧ್ವನಿ ನಿಮ್ಮನ್ನು ತಲುಪದ ಜಾಗಕ್ಕೆ ನಿಮ್ಮ ಧ್ವನಿ ತಲುಪಿ ಪ್ರಯೋಜನವಾದರೂ ಏನು?

ಪಿಂಪ್ರಿಯ ಪಿಟಿಟಿ

ಕೋಆಕ್ಸ್ ರಾಯರು ಹೇಳಿದ್ದಕ್ಕೆ ನನ್ನ ಸಮ್ಮತಿ ಇದೆ. ಆದರೆ "ಏಳುವುದೇ ಇಲ್ಲ" ಎಂಬ ಭಾಗವನ್ನು ಬೇರೆಯಾಗಿ ನೋಡಬೇಕು. ಅದಕ್ಕೆ ಡೀಸೆನ್ಸ್ ಕಾರಣವಾಗಲಾರದು, ಏಕೆಂದರೆ ಆಗ ಟ್ರಾನ್ಸ್‌ಮಿಟರ್ ಚಾಲೂ ಆಗಿಯೇ ಇರುವುದಿಲ್ಲ. ಎದ್ದು ಬೀಳುವ ಹ್ಯಾಂಡಿಗಳು ಯಾವುವು, ಏಳಿಸದೇ ಇರುವ ಹ್ಯಾಂಡಿಗಳು ಯಾವುವು ಎಂದು ಮೊದಲು ಪ್ರತ್ಯೇಕಿಸಿ. ಎರಡನೆಯ ಗುಂಪಿನ ಹ್ಯಾಂಡಿಗಳಲ್ಲಿ ಪ್ರೋಗ್ರಾಮಿಂಗ್ ದೋಷವಿರುವ ಸಾಧ್ಯತೆ ಹೆಚ್ಚು. ಒಂದು ವೇಳೆ ಅವೂ ಕಂಬದ ಹತ್ತಿರ ಸರಿಯಾಗಿ ಏಳಿಸುತ್ತವೆ ಎಂದಾದರೆ ಪ್ರೋಗ್ರಾಮಿಂಗ್ ಸರಿಯಿದೆ, ಸಂಕೇತವೇ ಸಾಲುತ್ತಿಲ್ಲ ಎಂದು ತಿಳಿಯಿರಿ.

ಯುವಿ 5ಆರ್ ಮಾದರಿಯ ಹ್ಯಾಂಡಿಯಲ್ಲಿ ಅಂತರದ ದಿಕ್ಕು 25ನೇ ಮೆನುವಿನಲ್ಲಿಯೂ ಅಂತರದ ಪ್ರಮಾಣ 26ನೇ ಮೆನುವಿನಲ್ಲಿಯೂ ಇರುತ್ತವೆ. ದಿಕ್ಕು ಮೈನಸ್ ಇರಬೇಕು. ಪ್ರಮಾಣ ಪರದೆಯ ಮೇಲೆ 00.600 ಎಂದು ಕಾಣಬೇಕು. ಅವಸರದಲ್ಲಿ ಒತ್ತಿ 06.000 ಆಗಿರುವ ಸೆಟ್‌ಗಳು ಪ್ರತಿ ಶಿಬಿರದಲ್ಲಿಯೂ ಒಂದೆರಡು ಸಿಗುತ್ತವೆ. ಅಂಥ ಹ್ಯಾಂಡಿ 139.200ರಲ್ಲಿ, ಅಂದರೆ ಹ್ಯಾಮ್ ಪಟ್ಟಿಯ ಹೊರಗೆ ಪ್ರಸಾರ ಮಾಡುತ್ತಿರುತ್ತದೆ. ಇದು ಕೇವಲ ತಾಂತ್ರಿಕ ದೋಷವಲ್ಲ, ನಿಯಮಭಂಗವೂ ಹೌದು. ಕಳುಹಿಸುವ ಟೋನ್ 13ನೇ ಮೆನುವಿನಲ್ಲಿದೆ, ಕೇಳುವ ಟೋನ್ 11ನೇಯದರಲ್ಲಿ. ರಿಪೀಟರಿಗೆ ಬೇಕಾದದ್ದು 13ನೇಯದು. 11ನೇಯದನ್ನು ಆಫ್ ಮಾಡಿಯೇ ಪರೀಕ್ಷೆ ಆರಂಭಿಸಿ, ಇಲ್ಲದಿದ್ದರೆ ರಿಪೀಟರ್ ಟೋನ್ ಕಳುಹಿಸದೆ ಇದ್ದಾಗ ನಿಮ್ಮ ಹ್ಯಾಂಡಿ ಮೌನವಾಗಿರುತ್ತದೆ. ನೀವು ರಿಪೀಟರನ್ನು ಬೈಯುತ್ತೀರಿ. 88.5 ಹರ್ಟ್ಸ್ ಟೋನಿಗೂ 85.4ರದಕ್ಕೂ ವ್ಯತ್ಯಾಸ ಸಣ್ಣದೆಂದು ಕಣ್ಣಿಗೆ ಕಂಡರೂ ಡಿಕೋಡರಿಗೆ ಅದು ಬೇರೆಯೇ ಬೀಗ.

ಅಗಲದ ವಿಷಯವೂ ಇದೆ. ಒಬ್ಬರು 25 ಕಿಲೋಹರ್ಟ್ಸ್ ಚಾನೆಲ್ಲಿನಲ್ಲಿ 5 ಕಿಲೋಹರ್ಟ್ಸ್ ಡೀವಿಯೇಷನ್ (ಮಾತಿಗೆ ತಕ್ಕಂತೆ ವಾಹಕ ಆಚೀಚೆ ಸರಿಯುವ ಪ್ರಮಾಣ) ಕೊಟ್ಟು, ರಿಪೀಟರಿನ ರಿಸೀವರ್ 12.5ರ ಸಂಕುಚಿತ ಸ್ಥಿತಿಯಲ್ಲಿದ್ದರೆ, ಗಟ್ಟಿಯಾಗಿ ಮಾತನಾಡಿದಾಗಲೆಲ್ಲ ಸ್ಕ್ವೆಲ್ಚ್ ಮುಚ್ಚಿ ಮಾತು ಕತ್ತರಿಸುತ್ತದೆ. ಇದನ್ನು ಜನ ಡೀಸೆನ್ಸ್ ಎಂದು ತಪ್ಪು ತಿಳಿಯುತ್ತಾರೆ. ಗುರುತು ಸುಲಭ: ಪಿಸುದನಿಯಲ್ಲಿ ಮಾತನಾಡಿದರೆ ಸರಿಹೋಗುತ್ತದೆ.

ಕಂಟ್ರೋಲರಿಗೆ ಸ್ಪೀಕರಿನ ಸದ್ದಿನಿಂದ ಚಾಲೂ ಆಗುವ ವಾಕ್ಸ್ ವ್ಯವಸ್ಥೆ ಬಳಸಿದ್ದೀರಾ, ಅಥವಾ ಸಂಕೇತ ಬಂದದ್ದನ್ನು ತಿಳಿಸುವ, ಕೇಳುವ ಸೆಟ್ಟಿನ ಸಿಒಎಸ್ ತಂತಿಯಿಂದ ತೆಗೆದುಕೊಂಡಿದ್ದೀರಾ? ಎರಡನೆಯದೇ ಇರಲಿ. ಆ ತಂತಿಯು ಬರೀ ವಾಹಕ ಬಂದಾಗ ಅಲ್ಲ, ವಾಹಕ ಮತ್ತು ಟೋನ್ ಎರಡೂ ಬಂದಾಗ ಮಾತ್ರ ಏಳುವಂತೆ ಸೆಟ್ಟಿನ ಸಾಫ್ಟ್‌ವೇರಿನಲ್ಲಿ ಹೊಂದಿಸಿ. ಟೈಮ್ ಔಟನ್ನು (ಒಂದೇ ಸಮನೆ ಪ್ರಸಾರ ಮಾಡುವ ಮಿತಿಯನ್ನು) 3 ನಿಮಿಷಕ್ಕೆ ಇಡುವುದು ವಾಡಿಕೆ. ಮೊಬೈಲ್ ಸೆಟ್‌ಗಳು ಎಡೆಬಿಡದೆ ಪ್ರಸಾರ ಮಾಡಲು ರೂಪಿಸಿದವಲ್ಲ, ಬೇಗ ಕಾದುಬಿಡುತ್ತವೆ.

ಮುಳಶಿಯ ತೋಟದವರು

ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮೆ ಇರಲಿ. ಮುಳಶಿಯ ಹತ್ತಿರ ನಮ್ಮದೊಂದು ತೋಟವಿದೆ. ಮನೆಗೂ ಕೆಳಗಿನ ಪಂಪ್‌ಹೌಸಿಗೂ ನಡುವೆ ಗುಡ್ಡದ ಮೂಗು ಅಡ್ಡವಿದ್ದು ಮೊಬೈಲ್ ಸಿಗುವುದಿಲ್ಲ. ಅಮೆರಿಕದಲ್ಲಿರುವ ಅಳಿಯಂದಿರು ಅಲ್ಲಿ ಮನೆಮಂದಿ ಬಳಸುವ ಜಿಎಂಆರ್‌ಎಸ್ ಸೆಟ್‌ಗಳನ್ನೂ ಒಂದು ಸಣ್ಣ ಸಿದ್ಧ ರಿಪೀಟರನ್ನೂ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ಅದರಲ್ಲಿ ಡ್ಯುಪ್ಲೆಕ್ಸರ್ ಕೂಡ ಒಳಗೇ ಇರುತ್ತದಂತೆ. ಈ ಕಷ್ಟವೆಲ್ಲ ಇಲ್ಲದೆ ಅದನ್ನೇ ಹಾಕಿಕೊಳ್ಳಬಹುದಲ್ಲವೇ?

ಹಳೆಯ ಕೋಆಕ್ಸ್, ಧಾರವಾಡ

ಬೇಡ, ತೋಟದವರೇ. ಜಿಎಂಆರ್‌ಎಸ್ ಎನ್ನುವುದು ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ತನ್ನ ದೇಶದ ಜನರಿಗೆ ಮಾಡಿಕೊಟ್ಟ ಏರ್ಪಾಡು. ಅಲ್ಲಿ ಪರೀಕ್ಷೆಯಿಲ್ಲದೆ 35 ಡಾಲರ್ ಕಟ್ಟಿದರೆ 10 ವರ್ಷದ ಪರವಾನಗಿ ಸಿಗುತ್ತದೆ, ಅದು ಮನೆಮಂದಿಗೆಲ್ಲ ಅನ್ವಯಿಸುತ್ತದೆ. ರಿಪೀಟರ್‌ಗಳು 462.550ರಿಂದ 462.725ರವರೆಗಿನ ಚಾನೆಲ್‌ಗಳಲ್ಲಿ ಹೊರಡುತ್ತವೆ, ಸರಿಯಾಗಿ 5 ಮೆಗಾಹರ್ಟ್ಸ್ ಮೇಲೆ 467ರಲ್ಲಿ ಕೇಳುತ್ತವೆ. ಈ 5 ಮೆಗಾಹರ್ಟ್ಸ್ ಅಂತರವಿರುವುದರಿಂದಲೇ ಅವರ ಡ್ಯುಪ್ಲೆಕ್ಸರ್ ಪುಸ್ತಕದ ಗಾತ್ರಕ್ಕೆ ಇಳಿದಿದೆ. ಭಾರತದಲ್ಲಿ ಆ ತರಂಗಾಂತರಗಳು ಸಾರ್ವಜನಿಕರಿಗೆ ತೆರೆದಿಲ್ಲ; ಅಲ್ಲಿನ ಪರವಾನಗಿ ಇಲ್ಲಿ ಬರೀ ಕಾಗದ.

ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ವಾಕಿಟಾಕಿ ಪಟ್ಟಿ 446.0ರಿಂದ 446.2 ಮೆಗಾಹರ್ಟ್ಸ್. ಆನ್‌ಲೈನ್ ಅಂಗಡಿಗಳಲ್ಲಿ ಬೇಕಾಬಿಟ್ಟಿ ವಾಕಿಟಾಕಿ ಮಾರುವುದರ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿದ ಮೇಲೆ, ಪೆಟ್ಟಿಗೆಯ ಮೇಲೆ ತರಂಗಾಂತರ ನೋಡಿ ಕೊಳ್ಳುವ ಅಭ್ಯಾಸ ಜನರಿಗೂ ಬರುತ್ತಿದೆ. ಆ ಸೆಟ್‌ಗಳು ಅಲ್ಪಶಕ್ತಿಯವು. ಇಡೀ ಪಟ್ಟಿಯೇ 200 ಕಿಲೋಹರ್ಟ್ಸ್ ಅಗಲವಾದ್ದರಿಂದ ಒಂದು ತುದಿಯಲ್ಲಿ ಕೇಳುತ್ತ ಇನ್ನೊಂದು ತುದಿಯಲ್ಲಿ ಕಳುಹಿಸುವ ರಿಪೀಟರ್ ಅಲ್ಲಿ ಕಾರ್ಯಸಾಧ್ಯವೂ ಅಲ್ಲ. ಹ್ಯಾಮ್ ಪಟ್ಟಿಯನ್ನು ಬಳಸಬೇಕೆಂದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಪಾಸು ಮಾಡಬೇಕು. ತೋಟದ ಆಳುಗಳು ಪ್ರತಿಯೊಬ್ಬರೂ ಪರೀಕ್ಷೆ ಬರೆಯುವುದು ದೂರದ ಮಾತು. ಅಲ್ಲದೆ ತೋಟದ ವ್ಯವಹಾರವನ್ನು ಆ ಪಟ್ಟಿಯಲ್ಲಿ ನಡೆಸುವಂತೆಯೂ ಇಲ್ಲ. ನಿಮಗೆ ಬೇಕಾದದ್ದು ಎರಡು ಸ್ಥಿರ ಜಾಗಗಳ ನಡುವಿನ ಮಾತು. ಗುಡ್ಡದ ಮೂಗಿನ ಮೇಲೆ ಎರಡೂ ಕಡೆಗೆ ಕಾಣುವಂತೆ ಹೊರಾಂಗಣ ವೈಫೈ ಸೇತುವೆಯ ಉಪಕರಣಗಳನ್ನು ಸೌರಫಲಕದೊಂದಿಗೆ ಇಟ್ಟು, ಎರಡು ತುದಿಗಳಲ್ಲಿ ಐಪಿ ಫೋನ್ ಹಾಕಿಸಿ. ಖರ್ಚೂ ಮಿತಿಯಲ್ಲಿರುತ್ತದೆ, ಪಂಪಿನ ಸ್ಟಾರ್ಟರನ್ನೂ ಅದರ ಮೂಲಕವೇ ನೋಡಿಕೊಳ್ಳಬಹುದು.

ಕೋಥರೂಡಿನ ಕೇಳುಗ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸಿದೆವು. ಗುಡ್ಡದ ಆಚೆ ಪಾಷಾಣ ಬಡಾವಣೆಯಲ್ಲಿ ಒಬ್ಬರನ್ನು ನಿಲ್ಲಿಸಿ, ಕೋಥರೂಡಿನ ತಾರಸಿಯಲ್ಲಿ ರಿಪೀಟರ್ ಇಟ್ಟೆವು. ನಡುವೆ ವೇತಾಳ ಟೇಕಡಿ ಎಂಬ ಗುಡ್ಡ ಇರುವುದರಿಂದ ಬೇಕಾದಷ್ಟು ಕ್ಷೀಣ ಸಂಕೇತ ತಾನಾಗಿಯೇ ಸಿಕ್ಕಿತು. 25 ವಾಟ್‌ನಲ್ಲಿ ಪಿಟಿಟಿ ಒತ್ತಿದ ಕ್ಷಣ ಮಾತು ಪೂರ್ತಿ ಮುಳುಗುತ್ತದೆ. 5 ವಾಟ್‌ನಲ್ಲಿ ಮುಳುಗುವುದಿಲ್ಲ, ಆದರೆ ಸುಯ್ಯೆನ್ನುವುದು ಸ್ಪಷ್ಟವಾಗಿ ಏರುತ್ತದೆ. ಡಮ್ಮಿ ಲೋಡ್ ಹಾಕಿದರೂ ಅದೇ ಸ್ಥಿತಿ. ತುಂಡು ಕೇಬಲ್‌ಗಳನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದ ತರಿಸಿದ ಆರ್‌ಜಿ 223ಕ್ಕೆ ಬದಲಿಸಿದ ಮೇಲೆ ಸ್ವಲ್ಪ ಸುಧಾರಿಸಿತೇ ಹೊರತು ವಾಸಿಯಾಗಲಿಲ್ಲ. ಏಳಿಸದ ಹ್ಯಾಂಡಿಗಳಲ್ಲಿ ಟೋನ್ 13ನೇ ಮೆನುವಿನ ಬದಲು 11ನೇಯದರಲ್ಲಿತ್ತು, ಅದು ಸರಿಹೋಯಿತು.

ಒಬ್ಬರ ಬಳಿ ನ್ಯಾನೋ ವಿಎನ್‌ಎ (ಫಿಲ್ಟರ್, ಆ್ಯಂಟೆನಾಗಳನ್ನು ಅಳೆಯುವ ಪುಟ್ಟ ಉಪಕರಣ) ಇದೆ. ಡ್ಯುಪ್ಲೆಕ್ಸರನ್ನು ಅದರಿಂದ ಹೊಸದಾಗಿ ಶ್ರುತಿಗೊಳಿಸಿ ನೋಡಬಹುದೇ? ಅಥವಾ ಡ್ಯುಪ್ಲೆಕ್ಸರ್ ಬಿಟ್ಟು ಎರಡು ಆ್ಯಂಟೆನಾಗಳನ್ನು ಒಂದರ ಮೇಲೊಂದು ಕಟ್ಟಬಹುದೇ? ಯುಎಚ್‌ಎಫ್‌ಗೆ (436ರ ಆಸುಪಾಸಿನ ಮೇಲಿನ ಪಟ್ಟಿಗೆ) ಹೋದರೆ ಅಮೆರಿಕದವರಂತೆ 5 ಮೆಗಾಹರ್ಟ್ಸ್ ಅಂತರ ಇಟ್ಟುಕೊಳ್ಳಬಹುದೇ?

ತಾಳೆಗಾಂವದ ತರಂಗ

ನಿಮ್ಮ ಮೂರೂ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿ, ನಾಲ್ಕನೆಯ ದಾರಿಯೊಂದನ್ನು ಸೂಚಿಸುತ್ತೇನೆ.

ನ್ಯಾನೋ ವಿಎನ್‌ಎಯಿಂದ ತಗ್ಗು ಯಾವ ತರಂಗಾಂತರದಲ್ಲಿದೆ ಎಂಬುದನ್ನು ಚೆನ್ನಾಗಿ ಕಾಣಬಹುದು. ತಗ್ಗು ಎಷ್ಟು ಆಳವಿದೆ ಎಂಬುದನ್ನು ಅಳೆಯಲು ಅದರ ಸಾಮರ್ಥ್ಯ ಸಾಲದು. 80 ಡೆಸಿಬೆಲ್ ಆಳ ಇದ್ದರೂ ಅದರ ಪರದೆಯಲ್ಲಿ ಅದಕ್ಕೂ ಮೊದಲೇ ಗೆರೆ ಗದ್ದಲದಲ್ಲಿ ಕರಗಿಹೋಗುತ್ತದೆ. ಶ್ರುತಿಗೊಳಿಸುವಾಗ ಬಳಸದ ಬಾಯಿಗೆ 50 ಓಮ್ ಮುಚ್ಚಳ ಹಾಕಲೇಬೇಕು. ಕಡಿಮೆ ತರಂಗಾಂತರದ ಸೆಟ್ಟನ್ನು, ಅಂದರೆ ನಿಮ್ಮಲ್ಲಿ ಕೇಳುವ ಸೆಟ್ಟನ್ನು, "ಲೋ" ಎಂದು ಬರೆದ ಬಾಯಿಗೆ ಜೋಡಿಸಬೇಕು. ಇಷ್ಟೆಲ್ಲ ಮಾಡಿದರೂ ಆ ಚಿಕ್ಕ ಡಬ್ಬಿಗಳಿಂದ 600 ಕಿಲೋಹರ್ಟ್ಸ್ ಸಾಧಿಸುವುದು ಆಗದು, ಬಿಟ್ಟುಬಿಡಿ.

ಎರಡು ಆ್ಯಂಟೆನಾಗಳನ್ನು ಲಂಬವಾಗಿ 6 ಮೀಟರ್ ಅಂತರದಲ್ಲಿ ಕಟ್ಟಿದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 46 ಡೆಸಿಬೆಲ್ ಪ್ರತ್ಯೇಕತೆ ಸಿಗುತ್ತದೆ. ಅಕ್ಕಪಕ್ಕದಲ್ಲಿ 100 ಮೀಟರ್ ದೂರ ಇಟ್ಟರೂ 55ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ವಾರಿಯ ಜನಸಂದಣಿಯಲ್ಲಿ 100 ಮೀಟರ್ ಕೇಬಲ್ ಎಳೆಯುವ ಯೋಚನೆಯನ್ನೇ ಮಾಡಬೇಡಿ.

ಯುಎಚ್‌ಎಫ್‌ನಲ್ಲಿ 5 ಮೆಗಾಹರ್ಟ್ಸ್ ಅಂತರ ನಮಗೆ ಸಿಗದು, ಕಾರಣ ಭಾರತದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವುದೇ 434ರಿಂದ 438, ಒಟ್ಟು 4 ಮೆಗಾಹರ್ಟ್ಸ್. ವಿದೇಶದ ವಿಡಿಯೋ ನೋಡಿ 5 ಎಂದು ಶ್ರುತಿಗೊಳಿಸಿದ ಡ್ಯುಪ್ಲೆಕ್ಸರ್ ತರಿಸಿದವರ ಒಂದು ತರಂಗಾಂತರ ಪಟ್ಟಿಯ ಹೊರಗೇ ಬೀಳುತ್ತದೆ. 3 ಮೆಗಾಹರ್ಟ್ಸ್‌ಗೆ ಮರುಶ್ರುತಿ ಮಾಡಿಸಬಹುದು. ನಷ್ಟ ತುಸು ಹೆಚ್ಚುತ್ತದೆ, ತಗ್ಗಿನ ಆಳ ತುಸು ಕಡಿಮೆಯಾಗುತ್ತದೆ, ಆದರೂ ಕೆಲಸ ನಡೆಯುತ್ತದೆ. ಶಾಶ್ವತ ರಿಪೀಟರಿಗೆ ಇದು ಒಪ್ಪುವ ದಾರಿ.

ಒಂದು ದಿನದ ವಾರಿಗೆ ಮಾತ್ರ ನನ್ನ ಆಯ್ಕೆ ಕ್ರಾಸ್‌ಬ್ಯಾಂಡ್. ಎರಡು ಪಟ್ಟಿಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡುವ, ಕ್ರಾಸ್‌ಬ್ಯಾಂಡ್ ಸೌಲಭ್ಯವಿರುವ ಒಂದೇ ಮೊಬೈಲ್ ಸೆಟ್ಟು ಸಾಕು. 145ರಲ್ಲಿ ಕೇಳಿ 436ರಲ್ಲಿ ಹೊರಡಿಸಿದರೆ ಅಂತರ ಸುಮಾರು 290 ಮೆಗಾಹರ್ಟ್ಸ್ ಆಯಿತು; ಸೆಟ್ಟಿನೊಳಗಿನ ಪುಟ್ಟ ಫಿಲ್ಟರೇ ಪ್ರತ್ಯೇಕತೆ ಕೊಡುತ್ತದೆ. ಡ್ಯುಪ್ಲೆಕ್ಸರ್ ಬೇಡ, ಕಂಟ್ರೋಲರ್ ಬೇಡ, ಎರಡು ಪಟ್ಟಿಯ ಒಂದೇ ಆ್ಯಂಟೆನಾ ಸಾಕು. ನಿಮ್ಮ ಅನುಮತಿಯಲ್ಲಿ ಈ ತರಂಗಾಂತರಗಳು ಸೇರಿವೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ತಿದ್ದುಪಡಿಗೆ ಬರೆಯಿರಿ. ವಾರಿಯ ವಾರದಲ್ಲಿ ಬರೆದರೆ ಉಪಯೋಗವಿಲ್ಲ.

ಇದರಲ್ಲಿ ಯೋಜನೆ ಕೈಕೊಡುವ ಜಾಗ ಒಂದಿದೆ. ಸೆಟ್ಟನ್ನು ಎರಡೂ ದಿಕ್ಕಿಗೆ ತೆರೆದಿಟ್ಟು, ಕೆಲವರು ವಿಎಚ್‌ಎಫ್‌ನಲ್ಲಿಯೂ ಕೆಲವರು ಯುಎಚ್‌ಎಫ್‌ನಲ್ಲಿಯೂ ಇದ್ದರೆ, ಒಂದೇ ಪಟ್ಟಿಯಲ್ಲಿರುವ ಇಬ್ಬರ ಮಾತು ರಿಪೀಟರ್ ಮೂಲಕ ಪರಸ್ಪರ ಕೇಳಿಸುವುದಿಲ್ಲ. ಸಾಸವಡದವರೂ ವಡಕಿಯವರೂ ಇಬ್ಬರೂ 145ರಲ್ಲಿ ಕೂತರೆ ಗುಡ್ಡ ಎಂದಿನಂತೆ ಅಡ್ಡವೇ. ಆದ್ದರಿಂದ ಎಲ್ಲರೂ 145.200ರಲ್ಲಿ ಕಳುಹಿಸಿ 436.900ರಲ್ಲಿ ಕೇಳುವಂತೆ ಮಾಡಿ, ಸೆಟ್ಟನ್ನು ಒಂದೇ ದಿಕ್ಕಿನ ಕ್ರಾಸ್‌ಬ್ಯಾಂಡಿಗೆ ಬೀಗ ಹಾಕಿ. ಹ್ಯಾಂಡಿಗಳನ್ನು ಪ್ರೋಗ್ರಾಮ್ ಮಾಡುವ ಚಿರ್ಪ್ ತಂತ್ರಾಂಶದಲ್ಲಿ ತರಂಗಾಂತರದ ಅಂಕಣದಲ್ಲಿ 436.900 ಬರೆದು, ಡ್ಯುಪ್ಲೆಕ್ಸ್ ಅಂಕಣದಲ್ಲಿ "ಸ್ಪ್ಲಿಟ್" ಆರಿಸಿ, ಆಫ್‌ಸೆಟ್ ಅಂಕಣದಲ್ಲಿ ಪೂರ್ತಿ 145.200 ಬರೆಯಬೇಕು, ಅಲ್ಲಿ ವ್ಯತ್ಯಾಸವನ್ನು ಬರೆಯುವುದಲ್ಲ.

436.900 ಎಂದದ್ದಕ್ಕೂ ಕಾರಣವಿದೆ. 145.200ರ ಮೂರನೇ ಹಾರ್ಮಾನಿಕ್ (ಮೂರು ಪಟ್ಟು ತರಂಗಾಂತರದಲ್ಲಿ ಹುಟ್ಟುವ ಬೇಡದ ಸಂಕೇತ) 435.600. ನಮ್ಮ 2 ಮೀಟರ್ ಪಟ್ಟಿಯ ಬಹುಪಾಲಿನ ಮೂರು ಪಟ್ಟು ನೇರವಾಗಿ ನಮ್ಮ 434-438ರೊಳಗೇ ಬಂದು ಕೂರುತ್ತದೆ. ಅಗ್ಗದ ಹ್ಯಾಂಡಿಗಳ ಹಾರ್ಮಾನಿಕ್ ಶುದ್ಧಿ ಅಷ್ಟಕ್ಕಷ್ಟೇ. ನೀವು ಯುಎಚ್‌ಎಫ್ ತರಂಗಾಂತರವನ್ನು 435.600ರ ಹತ್ತಿರ ಇಟ್ಟರೆ, ಒಬ್ಬರು ಮಾತನಾಡುವಾಗ ಅವರ ಪಕ್ಕದಲ್ಲಿ ನಿಂತವರ ಹ್ಯಾಂಡಿ ರಿಪೀಟರನ್ನು ಬಿಟ್ಟು ಆ ಹಾರ್ಮಾನಿಕ್ಕನ್ನೇ ಹಿಡಿಯುತ್ತದೆ. ದಿಕ್ಕನ್ನು ತಿರುಗಿಸಿ ರಿಪೀಟರ್ ವಿಎಚ್‌ಎಫ್‌ನಲ್ಲಿ ಹೊರಡುವಂತೆ ಮಾಡಿದರೆ ತೊಂದರೆ ಇನ್ನೂ ದೊಡ್ಡದು. ಅದು ತನ್ನ ಕಿವಿಗೆ ತಾನೇ ಊದಿಕೊಳ್ಳುತ್ತದೆ.

ಮೇಲಿನ ಕೇಬಲ್ ಈಗಲೂ ಆರ್‌ಜಿ 58 ಇದ್ದರೆ ತೆಗೆಯಿರಿ. 436ರಲ್ಲಿ 10 ಮೀಟರ್ ಆರ್‌ಜಿ 58 ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ದಾರಿಯಲ್ಲೇ ತಿಂದುಬಿಡುತ್ತದೆ. ಇಲ್ಲಿ ಕಳುಹಿಸುವ ಮತ್ತು ಕೇಳುವ ತರಂಗಾಂತರಗಳು ಅಷ್ಟು ದೂರ ಇರುವುದರಿಂದ ಕೋಆಕ್ಸ್ ರಾಯರು ಎಚ್ಚರಿಸಿದ ಎಲ್‌ಎಂಆರ್ 400 ಕೂಡ ನಡೆಯುತ್ತದೆ.

ಪಿಂಪ್ರಿಯ ಪಿಟಿಟಿ

ತರಂಗರ ಯೋಜನೆ ಸರಿಯಾಗಿದೆ. ವಿದ್ಯುತ್ತಿನ ಬಗ್ಗೆ ಒಂದು ಮಾತು: 10 ವಾಟ್ ಮಟ್ಟದಲ್ಲಿ ಸೆಟ್ಟು ಪ್ರಸಾರದ ವೇಳೆ 4ರಿಂದ 5 ಆಂಪಿಯರ್ ಎಳೆಯುತ್ತದೆ ಎಂದು ಹಿಡಿಯಿರಿ. ಅರ್ಧ ಹೊತ್ತು ಮಾತು, ಅರ್ಧ ಹೊತ್ತು ಮೌನ ಎಂದರೂ 40 ಆಂಪಿಯರ್ ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ದಿನವನ್ನು ಸಲೀಸಾಗಿ ದಾಟಿಸುತ್ತದೆ. ಸ್ವಿಚಿಂಗ್ ಚಾರ್ಜರನ್ನು ಅಲ್ಲಿ ಚಾಲೂ ಇಡಬೇಡಿ, ಅದರ ಗದ್ದಲ 145ರ ರಿಸೀವರಿಗೆ ಸೇರುತ್ತದೆ. ಬ್ಯಾಟರಿಯಿಂದ ಸೆಟ್ಟಿಗೆ ಹೋಗುವ ತಂತಿ ದಪ್ಪಗಿರಲಿ, ಗಿಡ್ಡಗಿರಲಿ. ಪಿಟಿಟಿ ಒತ್ತಿದಾಗ ಸೆಟ್ಟಿನ ಹಿಂಬದಿಯಲ್ಲಿಯೇ ವೋಲ್ಟೇಜ್ ಅಳೆಯಿರಿ, ಬ್ಯಾಟರಿಯ ತಲೆಯಲ್ಲಲ್ಲ.

ಕೋಥರೂಡಿನ ಕೇಳುಗ

ಹಾಗೆಯೇ ಮಾಡುತ್ತೇವೆ. ಕ್ರಾಸ್‌ಬ್ಯಾಂಡ್ ಸೆಟ್ಟು ನಮ್ಮಲ್ಲೊಬ್ಬರ ಕಾರಿನಲ್ಲಿಯೇ ಇದೆ. ಅನುಮತಿಯ ತಿದ್ದುಪಡಿಗೆ ಇಂದೇ ಪತ್ರ ಸಿದ್ಧಪಡಿಸುತ್ತಿದ್ದೇವೆ. ಕೊನೆಯದಾಗಿ ಒಂದು ವಿಚಾರಣೆ: ಆ ದಿನ ಮಳೆ ಖಚಿತ. ಆ್ಯಂಟೆನಾದ ಬುಡದ ಕನೆಕ್ಟರಿಗೆ ಸಾಮಾನ್ಯ ಇನ್ಸುಲೇಷನ್ ಟೇಪು ಸಾಕೇ?

ಹಳೆಯ ಕೋಆಕ್ಸ್, ಧಾರವಾಡ

ಸಾಲದು. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತ ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪು ಹಾಕಿ. ಕೇಬಲ್ ಸೆಟ್ಟಿನ ಪೆಟ್ಟಿಗೆಯನ್ನು ಸೇರುವ ಮುನ್ನ ಒಂದು ಸಣ್ಣ ಜೋಲು ಬಿಡಿ, ನೀರು ಅಲ್ಲಿಂದ ಕೆಳಗೆ ತೊಟ್ಟಿಕ್ಕಲಿ. ಗುಡುಗಿನ ಸೂಚನೆ ಕಂಡಾಗಲೇ ಆ್ಯಂಟೆನಾದ ಕೇಬಲ್ ಬಿಚ್ಚುವಂತೆ, ಗುಡುಗು ಕೇಳಿಸಿದ ಮೇಲೆ ಅದನ್ನು ಮುಟ್ಟದೆ ಕಂಬದಿಂದ ದೂರ ಸರಿಯುವಂತೆ ಅಲ್ಲಿರುವವರಿಗೆ ಮುಂಚೆಯೇ ಹೇಳಿಡಿ. ಘಾಟಿನ ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರದ ಲೋಹ ನಿಮ್ಮ ಕಂಬವೇ ಆಗಿರುತ್ತದೆ. ಆ ಹೊತ್ತಿನಲ್ಲಿ ರಿಪೀಟರ್ ಇರುವುದಿಲ್ಲವಾದ್ದರಿಂದ, ಪ್ರತಿ ಹ್ಯಾಂಡಿಯ ಎರಡನೆಯ ಸ್ಮೃತಿಯಲ್ಲಿ ನೇರ ಮಾತಿನ ಒಂದು ಚಾನೆಲ್ಲನ್ನೂ ತುಂಬಿಸಿ, ಏಣಿನ ಎರಡೂ ಬದಿಗೆ ಕಾಣುವ ರಸ್ತೆಯ ತಿರುವಿನಲ್ಲಿ ಸಂದೇಶ ದಾಟಿಸಲು ಒಬ್ಬರನ್ನು ಕಾರಿನೊಳಗೆ ಕೂರಿಸಿ.